‘ಡೆತ್ ವಿಷ್ 2’ ನೋಡಬಹುದೇ? ಅಭಿಪ್ರಾಯಗಳು ಇಷ್ಟೊಂದು ಬೇರೆಬೇರೆ ಯಾಕೆ?

ನಿಮ್ಮ ಪ್ರಶ್ನೆ ಇದು: 1974ರ ಹಾಲಿವುಡ್ ಚಿತ್ರ ‘ಡೆತ್ ವಿಷ್’ ನಿಮಗೆ ಹಿಡಿಸಿದೆ, 1982ರಲ್ಲಿ ಬಂದ ಎರಡನೇ ಭಾಗದ ಬಗ್ಗೆ ಕೇಳಿದರೆ ಕೆಲವರು ಹೊಲಸು ಎಂದು ಉಗಿಯುತ್ತಾರೆ, ಕೆಲವರು ಮೊದಲನೆಯದಕ್ಕಿಂತ ಇದೇ ವಾಸಿ ಎನ್ನುತ್ತಾರೆ. ಯಾರ ಮಾತು ನಂಬುವುದು?

ಇಬ್ಬರೂ ಸುಳ್ಳು ಹೇಳುತ್ತಿಲ್ಲ. ನಾನು ಇದನ್ನು ಎರಡು ಸಲ ನೋಡಿದ್ದೇನೆ. ಮೊದಲ ಸಲ ಅರ್ಧ ಗಂಟೆಗೇ ನಿಲ್ಲಿಸಿಬಿಟ್ಟೆ. ಎರಡನೇ ಸಲ, ಈ ಚಿತ್ರವನ್ನು ಹೊಗಳಿ ಅಟ್ಟಕ್ಕೇರಿಸುವ ಗೆಳೆಯನೊಬ್ಬನ ಪಕ್ಕದಲ್ಲಿ ಕುಳಿತು, ಹಟಕ್ಕೆ ಬಿದ್ದು ಕೊನೆಯವರೆಗೂ ನೋಡಿದೆ. ಚಿತ್ರ ಆಗಲೂ ಇಷ್ಟವಾಗಲಿಲ್ಲ. ಆದರೆ ಅವನಿಗೆ ಅದು ಯಾಕೆ ಇಷ್ಟ ಎಂಬುದು ಗೊತ್ತಾಯಿತು.

ಮೊದಲ ಭಾಗವನ್ನು ಒಮ್ಮೆ ನೆನಪಿಸಿಕೊಳ್ಳಿ. ಪಾಲ್ ಕರ್ಸಿ ನ್ಯೂಯಾರ್ಕಿನ ವಾಸ್ತುಶಿಲ್ಪಿ. ಮನೆಗೆ ನುಗ್ಗಿದ ಮೂವರು ಪುಂಡರ ಕೈಯಲ್ಲಿ ಹೆಂಡತಿ ಸಾಯುತ್ತಾಳೆ, ಮಗಳು ಮಾತು ಕಳೆದುಕೊಳ್ಳುತ್ತಾಳೆ. ಇದನ್ನು ಎಲ್ಲರೂ ಸೇಡಿನ ಕಥೆ ಎನ್ನುತ್ತಾರೆ. ಆದರೆ ಆ ಮೂವರು ಕೊನೆಯವರೆಗೂ ಅವನಿಗೆ ಸಿಗುವುದೇ ಇಲ್ಲ! ಅವನು ರಾತ್ರಿ ಪಾರ್ಕಿನಲ್ಲಿ, ಸುರಂಗ ರೈಲಿನಲ್ಲಿ ತಾನೇ ಗಾಳದ ಹುಳುವಾಗಿ ಅಲೆದು, ಮೇಲೆ ಬಿದ್ದವರನ್ನು ಕೊಲ್ಲುತ್ತಾನೆ. ಸತ್ತವರೆಲ್ಲ ಬೇರೆಯವರು. ಮೊದಲ ಕೊಲೆಯಾದ ರಾತ್ರಿ ಅವನು ಮನೆಗೆ ಓಡಿ ಬಂದು ವಾಂತಿ ಮಾಡಿಕೊಳ್ಳುತ್ತಾನೆ. ಕೊನೆಯ ದೃಶ್ಯದಲ್ಲಿ ಅದೇ ಮನುಷ್ಯ ಶಿಕಾಗೋದಲ್ಲಿ ಪುಂಡರತ್ತ ಬೆರಳನ್ನೇ ಪಿಸ್ತೂಲಿನಂತೆ ಹಿಡಿದು ನಗುತ್ತಾನೆ. ವಾಂತಿಯಿಂದ ಆ ನಗುವಿನವರೆಗೆ ಅವನು ನಡೆದ ದಾರಿಯೇ ಚಿತ್ರ. ಮೆಚ್ಚಬೇಕೋ ಹೆದರಬೇಕೋ ತಿಳಿಯದ ಒಂದು ಕಸಿವಿಸಿ ನಮ್ಮಲ್ಲಿ ಉಳಿಯುತ್ತದೆ.

ಎರಡನೇ ಭಾಗ ಈ ಕಸಿವಿಸಿಯನ್ನು ಗುಡಿಸಿ ಹಾಕಿದೆ. ಊರು ಲಾಸ್ ಏಂಜಲೀಸ್. ಐವರು ಪುಂಡರು ಕರ್ಸಿಯ ಪರ್ಸು ಕಿತ್ತುಕೊಂಡು, ಅದರಲ್ಲಿದ್ದ ವಿಳಾಸ ಹಿಡಿದು ಮನೆಗೆ ಬರುತ್ತಾರೆ. ಮನೆಗೆಲಸದ ಹೆಂಗಸು ಅತ್ಯಾಚಾರಕ್ಕೊಳಗಾಗಿ ಸಾಯುತ್ತಾಳೆ, ಮಗಳೂ ಸಾಯುತ್ತಾಳೆ. ಈ ಸಲ ಅವನಿಗೆ ಮುಖಗಳು ಗೊತ್ತು. ತಲೆಗೆ ಉಣ್ಣೆಯ ಟೋಪಿ ಏರಿಸಿ, ಹಾಳುಬಿದ್ದ ಬಡಾವಣೆಯಲ್ಲೊಂದು ಕೋಣೆ ಬಾಡಿಗೆಗೆ ಹಿಡಿದು, ಆ ಐವರನ್ನು ಒಬ್ಬೊಬ್ಬರನ್ನಾಗಿ ಹುಡುಕಿ ಮುಗಿಸುತ್ತಾನೆ. ವಾಂತಿಯೂ ಇಲ್ಲ, ನಡುಕವೂ ಇಲ್ಲ.

ಗೆಳೆಯನ ವಾದ ಇಲ್ಲೇ ಇದೆ. “ಮೊದಲನೆಯದರಲ್ಲಿ ಅವನು ಸಿಕ್ಕಸಿಕ್ಕವರನ್ನು ಕೊಂದ, ಅದು ನಿನಗೆ ಕಲೆ. ಇಲ್ಲಿ ತಪ್ಪು ಮಾಡಿದವರನ್ನೇ ಹುಡುಕಿ ಕೊಂದ, ಇದು ನಿನಗೆ ಹೊಲಸು. ನ್ಯಾಯವಾಗಿ ಯೋಚಿಸಿದರೆ ಯಾವುದು ಮೇಲು?” ಎಂದ. ನಾನು ತಕ್ಷಣ ಏನೂ ಹೇಳಲಾಗದೆ ಕುಳಿತೆ. ಒಪ್ಪಲೇಬೇಕು, ಗಟ್ಟಿ ಮಾತು. ಎರಡನೇ ಭಾಗವನ್ನು ಮೆಚ್ಚುವವರೆಲ್ಲ ರಕ್ತಪಿಪಾಸುಗಳೇನಲ್ಲ. ಮೊದಲ ಚಿತ್ರ ಬಾಕಿ ಉಳಿಸಿದ್ದ ಲೆಕ್ಕವನ್ನು ಇದು ಚುಕ್ತಾ ಮಾಡಿತು ಎಂಬ ನೆಮ್ಮದಿ ಅವರದು.

ನನ್ನ ತಕರಾರು ಆ ಲೆಕ್ಕಕ್ಕೆ ಚಿತ್ರ ತೆತ್ತ ಬೆಲೆಯ ಬಗ್ಗೆ. ಮುಂದಿನ ಒಂದು ಗಂಟೆ ನಾವು ಆ ಐವರ ಸಾವಿಗಾಗಿ ಕಾಯಬೇಕಾದರೆ ಮೊದಲು ನಮ್ಮಲ್ಲಿ ಅಷ್ಟು ದ್ವೇಷ ತುಂಬಬೇಕಲ್ಲ? ಅದನ್ನು ತುಂಬುವ ಕೊಡವಾಗಿ ನಿರ್ದೇಶಕ ಮೈಕೆಲ್ ವಿನ್ನರ್ ಬಳಸಿದ್ದು ಆ ಕೆಲಸದ ಹೆಂಗಸಿನ ಮೈಯನ್ನು. ಕ್ಯಾಮೆರಾ ಅಲ್ಲಿಂದ ಕದಲುವುದೇ ಇಲ್ಲ. ಹೇಳಬೇಕಾದ್ದನ್ನು ಹೇಳಿಯಾದ ಮೇಲೂ ನೋಡುತ್ತಲೇ ಇರುತ್ತದೆ, ಅದೂ ಬಹುಮಟ್ಟಿಗೆ ಪುಂಡರ ಕಣ್ಣಿನಿಂದ. ಅವಳಿಗೆ ರೊಸಾರಿಯೋ ಎಂಬ ಹೆಸರಿದೆ, ಹೆಸರಿನಾಚೆ ಬದುಕು ಅಂತ ಹೆಚ್ಚೇನನ್ನೂ ಚಿತ್ರ ಕೊಟ್ಟಿಲ್ಲ. ಮೊದಲ ಭಾಗದ ದೃಶ್ಯವೂ ಕ್ರೂರವೇ, ನಿರ್ದೇಶಕನೂ ಇವನೇ. ಆದರೆ ಆ ದೃಶ್ಯ ಮುಗಿಯುತ್ತದೆ, ಇದು ಮುಗಿಯಲೊಲ್ಲದು. ವಿಮರ್ಶಕ ರೋಜರ್ ಎಬರ್ಟ್ ಮೊದಲ ಚಿತ್ರದ ಸಂದೇಶವನ್ನು ಒಪ್ಪದೆಯೂ ಅದಕ್ಕೆ ಮೂರು ನಕ್ಷತ್ರ ಕೊಟ್ಟಿದ್ದರು, ಇದಕ್ಕೆ ಒಂದನ್ನೂ ಕೊಡಲಿಲ್ಲ. ನನಗೆ ಆಶ್ಚರ್ಯವಾಗಲಿಲ್ಲ.

ಜಗಳಕ್ಕೆ ಇನ್ನೊಂದು ಸಾದಾ ಕಾರಣವೂ ಇದೆ. ಎಲ್ಲರೂ ನೋಡಿರುವುದು ಒಂದೇ ಚಿತ್ರವಲ್ಲ. ಅಮೆರಿಕದ ಚಿತ್ರಮಂದಿರಗಳಿಗಾಗಿ ಅತ್ಯಾಚಾರದ ದೃಶ್ಯವನ್ನು ಮೊಟಕುಗೊಳಿಸಲಾಗಿತ್ತು. ಬ್ರಿಟನ್ನಿನಲ್ಲಿ ಬಹಳ ವರ್ಷ ಕತ್ತರಿ ಬಿದ್ದ ಪ್ರತಿಯೇ ಓಡಾಡಿತು. ಕತ್ತರಿ ಬೀಳದ ಪ್ರತಿಗಳೂ ಇವೆ. “ಅಷ್ಟೇನೂ ಕೆಟ್ಟದಾಗಿಲ್ಲ” ಎನ್ನುವವರು ಮತ್ತು “ಹೊಟ್ಟೆ ತೊಳಸಿತು” ಎನ್ನುವವರು ಬೇರೆಬೇರೆ ಪ್ರತಿ ನೋಡಿ ಒಬ್ಬರಿಗೊಬ್ಬರು ಬುದ್ಧಿ ಹೇಳುತ್ತಿರುವ ಸಾಧ್ಯತೆ ಸಾಕಷ್ಟಿದೆ.

ಮೆಚ್ಚುವಂಥದ್ದೂ ಇಲ್ಲವೆಂದಲ್ಲ. ಸಂಗೀತ ಲೆಡ್ ಜೆಪ್ಲಿನ್ ಎಂಬ ರಾಕ್ ತಂಡದ ಜಿಮ್ಮಿ ಪೇಜ್ ಅವರದು, ಗಿಟಾರಿನ ಗುರುಗುಟ್ಟುವಿಕೆ ರಾತ್ರಿಯ ಬೀದಿಗಳಿಗೆ ಚೆನ್ನಾಗಿ ಹೊಂದುತ್ತದೆ. ಮುಂದೆ ದೊಡ್ಡ ಹೆಸರು ಮಾಡಿದ ಲಾರೆನ್ಸ್ ಫಿಶ್‌ಬರ್ನ್ ಇಲ್ಲಿ ಪುಂಡರಲ್ಲೊಬ್ಬ. ಗುಂಡಿಗೆ ಅಡ್ಡವಾಗಿ ಅವನು ತನ್ನ ದೊಡ್ಡ ರೇಡಿಯೋವನ್ನು ಮುಖಕ್ಕೆ ಹಿಡಿಯುತ್ತಾನೆ, ಗುಂಡು ಅದನ್ನು ತೂರಿಕೊಂಡೇ ಹೋಗುತ್ತದೆ. ಗೆಳೆಯ ಇಲ್ಲಿ ಚಪ್ಪಾಳೆ ತಟ್ಟಿದ. ನನಗೆ ಹಿಡಿಸಿದ್ದು ಕೊನೆಯ ಹತ್ತಿರ ಬರುವ, ಅಷ್ಟಾಗಿ ಯಾರೂ ಮಾತಾಡದ ಒಂದು ಕ್ಷಣ. ಐದನೆಯವನಿಗೆ ಹುಚ್ಚೆಂದು ನ್ಯಾಯಾಲಯ ಅವನನ್ನು ಮಾನಸಿಕ ಆಸ್ಪತ್ರೆಗೆ ಕಳಿಸಿರುತ್ತದೆ. ಕರ್ಸಿ ವೈದ್ಯನ ವೇಷದಲ್ಲಿ ಒಳಗೆ ನುಗ್ಗಿ ಅವನನ್ನು ಕೊಲ್ಲುತ್ತಾನೆ. ಅಲ್ಲಿನ ಸಿಬ್ಬಂದಿಯೊಬ್ಬ ಕರ್ಸಿಯನ್ನು ಗುರುತಿಸಿಯೂ ಹಿಡಿಯುವುದಿಲ್ಲ, ಗಂಟೆ ಒತ್ತುವ ಮೊದಲು ಮೂರು ನಿಮಿಷ ಕೊಡುತ್ತೇನೆ ಎನ್ನುತ್ತಾನೆ. ಕಾವಲಿನವನೇ ಬಾಗಿಲು ಬಿಟ್ಟು ನಿಲ್ಲುವ ಈ ಜಾಗದಲ್ಲಿ ಒಂದು ಒಳ್ಳೆಯ ಚಿತ್ರ ಹುಟ್ಟಬಹುದಿತ್ತು. ಅದು ಅಲ್ಲಿ ನಿಲ್ಲದೆ ಮುಂದಕ್ಕೋಡುತ್ತದೆ.

ಇನ್ನೊಂದು ವಿಷಯ, ಪ್ರಶ್ನೆಗೆ ಸ್ವಲ್ಪ ಹೊರಗಿನದು. ಮೂಲ ಕಾದಂಬರಿ ಬ್ರಯನ್ ಗಾರ್‌ಫೀಲ್ಡ್ ಅವರದು, 1972ರದು. ಚಿತ್ರ ತಮ್ಮ ನಾಯಕನನ್ನು ವೀರನನ್ನಾಗಿಸಿದ್ದು ಅವರಿಗೆ ಸರಿಬರಲಿಲ್ಲ. 1975ರಲ್ಲಿ ಅವರೇ ‘ಡೆತ್ ಸೆಂಟೆನ್ಸ್’ ಎಂಬ ಮುಂದಿನ ಭಾಗ ಬರೆದು, ಕಾನೂನನ್ನು ಕೈಗೆತ್ತಿಕೊಂಡವನ ದಾರಿ ಎಲ್ಲಿಗೆ ಹೋಗುತ್ತದೆ ಎಂದು ತೋರಿಸಿದರು. ಎರಡನೇ ಚಿತ್ರ ತೆಗೆದವರಿಗೆ ಅದು ಬೇಕಾಗಲಿಲ್ಲ. ಚಿತ್ರ ಓಡಿತು, 1994ರ ಹೊತ್ತಿಗೆ ಸರಣಿ ಐದಕ್ಕೆ ಮುಟ್ಟಿತು. ಮೂರನೆಯದರಲ್ಲಂತೂ ಕರ್ಸಿಯ ಕೈಗೆ ಮೆಷಿನ್ ಗನ್ ಬಂದು ಅದು ಹೆಚ್ಚುಕಡಿಮೆ ನಗೆಚಿತ್ರವೇ ಆಗಿದೆ. ನಿಜ ಹೇಳಬೇಕೆಂದರೆ ಎರಡನೆಯದಕ್ಕಿಂತ ಅದನ್ನು ನೋಡುವುದು ನನಗೆ ಸುಲಭ.

ಈಗ ನಿಮ್ಮ ವಿಷಯ. ಮೊದಲ ಚಿತ್ರದಲ್ಲಿ ನಿಮ್ಮನ್ನು ಹಿಡಿದು ನಿಲ್ಲಿಸಿದ್ದು ಆ ವಾಂತಿಯ ದೃಶ್ಯವಾದರೆ ಇದನ್ನು ಬಿಟ್ಟುಬಿಡಿ, ನಿಮಗೆ ಬೇಕಾದ್ದು ಇಲ್ಲಿಲ್ಲ. ಬೆರಳಿನ ಪಿಸ್ತೂಲು ನೋಡಿ ನೀವೂ ಕರ್ಸಿಯ ಜೊತೆ ನಕ್ಕಿದ್ದರೆ ಧಾರಾಳವಾಗಿ ನೋಡಿ. ಆದರೆ ಪುಂಡರು ಮನೆಯ ಬಾಗಿಲಿಗೆ ಬಂದಾಗ ರಿಮೋಟ್ ಕೈಯಲ್ಲಿರಲಿ. ಅಲ್ಲಿ ಹತ್ತು ನಿಮಿಷ ಮುಂದಕ್ಕೆ ಓಡಿಸಿದರೆ ಕಥೆಯ ಎಳೆಯೇನೂ ತಪ್ಪುವುದಿಲ್ಲ.