ಓದುಗರ ಪ್ರಶ್ನೆ: ಆ ಸೆನೆಟರ್ ನಮ್ಮ ಅಣು ಒಪ್ಪಂದಕ್ಕೆ ಬೇಡ ಅಂದಿದ್ದು ಯಾಕೆ?

ಪ್ರಶ್ನೆ: ನಮ್ಮನೆ ಕೈಗಾ ಹತ್ತಿರ ಕದ್ರಾದಲ್ಲಿ. ಅಮೆರಿಕದಲ್ಲಿರೋ ನನ್ನ ತಮ್ಮ ರಸ್ ಫೈನ್‌ಗೋಲ್ಡ್ ಅನ್ನೋ ಮಾಜಿ ಸೆನೆಟರನ್ನ ಬಹಳ ಹೊಗಳ್ತಾನೆ, ಯಾರಿಗೂ ಹೆದರದೆ ವೋಟ್ ಹಾಕಿದ ಮನುಷ್ಯ ಅಂತಾನೆ. ಆದ್ರೆ ಭಾರತದ ಅಣು ಒಪ್ಪಂದಕ್ಕೆ ಇವರು ವಿರುದ್ಧ ವೋಟ್ ಹಾಕಿದ್ರಂತೆ. ಹಾಗಾದ್ರೆ ನಮ್ಮ ದೇಶದ ವಿರೋಧಿ ಅಂತಾಯ್ತಲ್ಲ?
– ಓದುಗರು, ಕದ್ರಾ

ಉತ್ತರ: ವೋಟ್ ಹಾಕಿದ್ದು ನಿಜ ಸರ್, ಆದ್ರೆ ಅದೊಂದೇ ವೋಟ್ ಇಟ್ಕೊಂಡು ವಿರೋಧಿ ಅನ್ನೋಕಾಗಲ್ಲ. 2008ರ ಅಕ್ಟೋಬರ್ 1ಕ್ಕೆ ಅಮೆರಿಕ ಸಂಸತ್ತಿನ ಮೇಲ್ಮನೆ ಸೆನೆಟ್‌ನಲ್ಲಿ, ಭಾರತಕ್ಕೆ ಅಣು ಇಂಧನ, ತಂತ್ರಜ್ಞಾನ ಮಾರೋಕೆ ದಾರಿ ಮಾಡೋ ಈ ಒಪ್ಪಂದ ಪಾಸಾಯ್ತು, ಪರ 86, ವಿರುದ್ಧ 13. ಆ 13ರಲ್ಲಿ ಇವರೂ ಒಬ್ರು. ವಿರೋಧ ಮಾಡಿದವರ ವಾದ ಏನಿತ್ತು ಅಂದ್ರೆ, ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದಕ್ಕೆ ಸಹಿ ಹಾಕದ ದೇಶಕ್ಕೆ ವಿನಾಯಿತಿ ಕೊಟ್ರೆ ನಾಳೆ ಬೇರೆಯವರೂ ಕೇಳ್ತಾರೆ, ಮತ್ತೆ ಹೊರಗಿಂದ ಯುರೇನಿಯಂ ಬಂದ್ರೆ ಭಾರತದ ಸ್ವಂತ ಯುರೇನಿಯಂ ಬಾಂಬಿಗೆ ಉಳಿಯುತ್ತೆ ಅಂತ. ಈ ವಾದದ ಒಂದು ತುದಿ ನಿಮ್ಮೂರ ಪಕ್ಕದಲ್ಲೇ ಇದೆ ನೋಡಿ. ಒಪ್ಪಂದದ ಪ್ರಕಾರ 22 ರಿಯಾಕ್ಟರುಗಳಲ್ಲಿ 14ನ್ನ ಅಂತರರಾಷ್ಟ್ರೀಯ ತಪಾಸಣೆಗೆ ಒಡ್ಡೋದು ಅಂತಾಯ್ತು, ಕೈಗಾದ ನಾಲ್ಕೂ ಘಟಕ ಆ ಪಟ್ಟಿಯಿಂದ ಹೊರಗೇ ಉಳೀತು, ಹೊರಗಿನ ಯುರೇನಿಯಂ ತಪಾಸಣೆಗೆ ಒಪ್ಪಿದವಕ್ಕೆ ಮಾತ್ರ, ಅಂದ್ರೆ ಕೈಗಾಕ್ಕೆ ನಮ್ಮದೇ ಯುರೇನಿಯಂ ಆಗ್ಬೇಕು. ಆಗ ಯುರೇನಿಯಂ ಕೊರತೆ ಎಷ್ಟಿತ್ತು ಅಂದ್ರೆ ಕೈಗಾ 4ನೇ ಘಟಕ ತಡವಾಗಿ 2011ರಲ್ಲಿ ವಾಣಿಜ್ಯ ಉತ್ಪಾದನೆಗೆ ಬಂತು. ನಮಗೆ ಒಪ್ಪಂದ ಬೇಕಿತ್ತು, ನಾನು ಅದರ ಪರವೇ. ಹಾಗಂತ ಅವರು ಕೇಳಿದ ಪ್ರಶ್ನೆ ಸುಳ್ಳಾಗಿರಲಿಲ್ಲ.

ಇನ್ನು ನಿಮ್ಮ ತಮ್ಮ ಹೊಗಳೋದಕ್ಕೂ ಕಾರಣ ಇದೆ. 1993ರಿಂದ 2011ರವರೆಗೆ ವಿಸ್ಕಾನ್ಸಿನ್ ರಾಜ್ಯದ ಡೆಮಾಕ್ರಟಿಕ್ ಸೆನೆಟರ್ ಆಗಿದ್ರು ಇವರು. 2001ರಲ್ಲಿ ಅವಳಿ ಗೋಪುರದ ದಾಳಿ ಆಗಿ ಎರಡು ತಿಂಗಳೂ ಆಗಿರಲಿಲ್ಲ, ಜನರ ಮೇಲೆ ಕಣ್ಗಾವಲು ಹೆಚ್ಚಿಸೋ ಪೇಟ್ರಿಯಟ್ ಕಾಯ್ದೆ ಸೆನೆಟ್‌ಗೆ ಬಂತು, 98 ಜನ ಹೂಂ ಅಂದ್ರು, ಬೇಡ ಅಂದಿದ್ದು ಇವರೊಬ್ರೇ. ಅಂಥ ಹೊತ್ತಲ್ಲಿ ಒಬ್ಬನೇ ನಿಲ್ಲೋದು ಸಣ್ಣ ಮಾತಲ್ಲ ಮಾರಾಯ್ರೆ. ಹಾಗಂತ ಎಲ್ಲದಕ್ಕೂ ಬೇಡ ಅನ್ನೋ ಜನ ಅಲ್ಲ ಅವರು, ಅದೇ ಸೆಪ್ಟೆಂಬರ್‌ನಲ್ಲಿ ದಾಳಿ ಮಾಡಿದವರ ಮೇಲೆ ಸೇನೆ ಕಳಿಸೋಕೆ ಒಪ್ಪಿಗೆ ಕೊಟ್ಟಿದ್ರು, 2002ರಲ್ಲಿ ಇರಾಕ್ ಯುದ್ಧದ ನಿರ್ಣಯ ಬಂದಾಗ ಮಾತ್ರ ಒಪ್ಪಲಿಲ್ಲ, ಅದು 77-23ರಲ್ಲಿ ಪಾಸಾಯ್ತು, ಪರ ವೋಟ್ ಹಾಕಿದವರಲ್ಲಿ ಹಿಲರಿ ಕ್ಲಿಂಟನ್, ಜೋ ಬೈಡನ್ ಇಬ್ಬರೂ ಇದ್ರು. 1999ರಲ್ಲಿ ತಮ್ಮದೇ ಪಕ್ಷದ ಅಧ್ಯಕ್ಷ ಬಿಲ್ ಕ್ಲಿಂಟನ್ ಮೇಲಿನ ಮಹಾಭಿಯೋಗವನ್ನ ವಿಚಾರಣೆ ಪೂರ್ತಿ ಮಾಡದೆ ಕೈಬಿಡೋಣ ಅಂತ ಡೆಮಾಕ್ರಟರು ಹೊರಟಾಗ ಅದಕ್ಕೆ ಒಪ್ಪದ ಏಕೈಕ ಡೆಮಾಕ್ರಟ್ ಇವರೇ, ಆದ್ರೆ ಕೊನೆಗೆ ವಿಚಾರಣೆ ಮುಗಿದ ಮೇಲೆ ಕ್ಲಿಂಟನ್ ತಪ್ಪಿತಸ್ಥ ಅಲ್ಲ ಅಂತಲೇ ವೋಟ್ ಹಾಕಿದ್ರು.

ರೆಕಾರ್ಡ್ ಓದೋವಾಗ ಒಂದು ಜಾಗದಲ್ಲಿ ಹುಷಾರಾಗಿರಬೇಕು. 2010ರಲ್ಲಿ ಬ್ಯಾಂಕುಗಳಿಗೆ ಮೂಗುದಾರ ಹಾಕೋ ಡಾಡ್-ಫ್ರಾಂಕ್ ಮಸೂದೆ ಬಂತು, ರಿಪಬ್ಲಿಕನ್ನರಲ್ಲಿ ಹೆಚ್ಚಿನವರು ಬೇಡ ಅಂದ್ರು, ಫೈನ್‌ಗೋಲ್ಡ್ ಕೂಡ ಬೇಡ ಅಂದ್ರು. ಪಟ್ಟಿಯಲ್ಲಿ ಎಲ್ಲರೂ ಒಂದೇ ಸಾಲು. ಆದ್ರೆ ಅವರಿಗೆ ಕಾಯ್ದೆ ತೀರಾ ಬಿಗಿ ಆಯ್ತು ಅಂತ, ಇವರಿಗೆ ಬಿಗಿ ಸಾಲದು ಅಂತ. ಇವರು ನಿಜ ಹೇಳ್ತಿದ್ದಾರಾ ಅಂತ ನೋಡ್ಬೇಕಂದ್ರೆ 1999ಕ್ಕೆ ಹೋಗಿ, ಬ್ಯಾಂಕುಗಳ ಮೇಲಿದ್ದ ಹಳೇ ಕಡಿವಾಣ ಸಡಿಲ ಮಾಡಿದ ಕಾಯ್ದೆಗೆ ವಿರುದ್ಧ ವೋಟ್ ಹಾಕಿದ ಎಂಟೇ ಜನರಲ್ಲಿ ಇವರಿದ್ರು. ಹತ್ತು-ಹನ್ನೊಂದು ವರ್ಷದ ಅಂತರದಲ್ಲಿ ಮಾತು ಬದಲಾಗಿಲ್ಲ. ನಂಗೆ ಇವರ ಮೇಲೆ ಗೌರವ ಬಂದಿದ್ದೇ ಇಲ್ಲಿ. ಜನ ಮಾತ್ರ 2010ರಲ್ಲಿ ಸೋಲಿಸಿದ್ರು, 2016ರಲ್ಲಿ ಮತ್ತೆ ನಿಂತಾಗ್ಲೂ ಸೋಲಿಸಿದ್ರು.

ಪ್ರಶ್ನೆ: ಕಾಗೇರಿಯವರು ವಿಧಾನಸಭೆ ಸ್ಪೀಕರ್ ಆಗಿದ್ದಾಗ ನಮ್ಮ ಶಿರಸಿ ಕ್ಷೇತ್ರದ ವೋಟ್ ಲೆಕ್ಕಕ್ಕೇ ಇರಲಿಲ್ವಾ?
– ಓದುಗರು, ಶಿರಸಿ

ಉತ್ತರ: ಸಂವಿಧಾನದ 189ನೇ ವಿಧಿ ಪ್ರಕಾರ ಸ್ಪೀಕರ್ ಮೊದಲೇ ವೋಟ್ ಹಾಕೋ ಹಾಗಿಲ್ಲ, ಎರಡೂ ಕಡೆ ಸಮ ಆದ್ರೆ ಮಾತ್ರ ನಿರ್ಣಾಯಕ ಮತ. ಯಾವ ಪಕ್ಷದ ಸ್ಪೀಕರ್ ಆದ್ರೂ ಇದೇ.

ಪ್ರಶ್ನೆ: ಅಮೆರಿಕದವರ ವೋಟ್ ಇಷ್ಟು ಚೆನ್ನಾಗಿ ಗೊತ್ತಾಗುತ್ತೆ, ನಮ್ಮ ಉತ್ತರ ಕನ್ನಡದ ಸಂಸದರು ಯಾವ ಬಿಲ್ಲಿಗೆ ಏನು ವೋಟ್ ಹಾಕಿದ್ರು ಅಂತ ಹುಡುಕಿದ್ರೂ ಸಿಗಲ್ಲ ಯಾಕೆ?
– ಓದುಗರು, ಅಂಕೋಲಾ

ಉತ್ತರ: ಯಾಕಂದ್ರೆ ಎಷ್ಟೋ ಸಲ ವೋಟೇ ಆಗಿರಲ್ಲ ಅಕ್ಕ, ಧ್ವನಿಮತ ಆಗಿರುತ್ತೆ. ಪರ ಇರೋರು ಕೂಗಿ, ವಿರುದ್ಧ ಇರೋರು ಕೂಗಿ, ಪೀಠದಲ್ಲಿ ಕೂತವರು ಪಾಸಾಯ್ತು ಅಂತಾರೆ, ಯಾರ ಹೆಸರೂ ದಾಖಲಾಗಲ್ಲ. ಅಮೆರಿಕದಲ್ಲೂ ಧ್ವನಿಮತ ಇದೆ, ಆದ್ರೆ ಹಾಜರಿದ್ದವರಲ್ಲಿ ಐದನೇ ಒಂದು ಭಾಗ ಕೇಳಿದ್ರೆ ಹೆಸರು ಕರೆದು ಬರ್ಕೊಳ್ಳಲೇಬೇಕು ಅಂತ ಅವರ ಸಂವಿಧಾನದಲ್ಲೇ ಇದೆ. ನಮ್ಮಲ್ಲಿ ಡಿವಿಜನ್, ಅಂದ್ರೆ ವೋಟ್ ಎಣಿಸಿ ಅಂತ, ಕೇಳಬಹುದು, ಕೇಳಿದ್ದು ಸಿಗುತ್ತೆ ಅಂತ ಮಾತ್ರ ಇಲ್ಲ. 2014ರಲ್ಲಿ ತೆಲಂಗಾಣ ಮಸೂದೆ ಲೋಕಸಭೆಯಲ್ಲಿ, 2020ರಲ್ಲಿ ಕೃಷಿ ಮಸೂದೆಗಳು ರಾಜ್ಯಸಭೆಯಲ್ಲಿ, ಎರಡೂ ಗದ್ದಲದ ಮಧ್ಯೆ ಧ್ವನಿಮತದಲ್ಲೇ ಮುಗಿದು ಹೋದ್ವು. ಕಾಂಗ್ರೆಸ್ ಇದ್ದಾಗ್ಲೂ ಅದೇ, ಬಿಜೆಪಿ ಇದ್ದಾಗ್ಲೂ ಅದೇ, ಇದು ನನಗೆ ನಿಜಕ್ಕೂ ಬೇಜಾರಿನ ವಿಷಯ, ಕೋಟಿಗಟ್ಟಲೆ ಜನರ ಬದುಕು ಮುಟ್ಟೋ ಕಾಯ್ದೆಗೆ ಯಾರು ಹೂಂ ಅಂದ್ರು ಅಂತ ಒಂದು ಪಟ್ಟಿ ಬೇಡ್ವಾ?

ಇನ್ನೊಂದು ಕಾರಣ ವಿಪ್, ಅಂದ್ರೆ ಹೀಗೇ ವೋಟ್ ಹಾಕಿ ಅಂತ ಪಕ್ಷ ಹೊರಡಿಸೋ ಆದೇಶ. 1985ರ ಪಕ್ಷಾಂತರ ನಿಷೇಧ ಬಂದ ಮೇಲೆ ಪಕ್ಷದ ವಿಪ್ ಮೀರಿ ವೋಟ್ ಹಾಕಿದ್ರೆ ಸೀಟೇ ಹೋಗಬಹುದು. ಮೇಲೆ ಹೇಳಿದ ಅಣು ಒಪ್ಪಂದವನ್ನೇ ತಗೊಳ್ಳಿ, ನಮ್ಮಲ್ಲಿ ವಿದೇಶ ಒಪ್ಪಂದಕ್ಕೆ ಸಂಸತ್ತಿನ ಒಪ್ಪಿಗೆ ಕಡ್ಡಾಯ ಇಲ್ಲ, ಹಾಗಾಗಿ ಒಪ್ಪಂದ ಬೇಡ ಅಂತ ಎಡಪಕ್ಷಗಳು ಮನಮೋಹನ್ ಸಿಂಗ್ ಸರ್ಕಾರಕ್ಕೆ ಕೊಟ್ಟಿದ್ದ ಬೆಂಬಲ ವಾಪಸ್ ತಗೊಂಡ ಮೇಲೆ 2008ರ ಜುಲೈ 22ಕ್ಕೆ ಆಗಿದ್ದು ವಿಶ್ವಾಸಮತ, 275-256. ಬೆಂಗಳೂರಿನ ಬಿಜೆಪಿ ಸಂಸದ ಸಾಂಗ್ಲಿಯಾನ ವಿಪ್ ಮೀರಿ ಸರ್ಕಾರದ ಪರ ನಿಂತ್ರು, ಪಕ್ಷ ಉಚ್ಚಾಟನೆ ಮಾಡ್ತು. ಫೈನ್‌ಗೋಲ್ಡ್ ತರ ಒಬ್ಬರೇ ನಿಲ್ಲೋಕೆ ಇಲ್ಲಿ ಯಾರಿಗೆ ಧೈರ್ಯ ಬರುತ್ತೆ ಹೇಳಿ.

ಆದ್ರೂ ಹುಡುಕೋದು ಬಿಡಬೇಡಿ. ಸಂವಿಧಾನ ತಿದ್ದುಪಡಿಗೆ ವಿಶೇಷ ಬಹುಮತ ಬೇಕು, ಅಲ್ಲಿ ಎಣಿಸಲೇಬೇಕು, 2023ರ ಮಹಿಳಾ ಮೀಸಲಾತಿಗೆ ಲೋಕಸಭೆಯಲ್ಲಿ 454-2 ಅಂತ ಲೆಕ್ಕ ಸಿಗೋದು ಅದಕ್ಕೇ. ಡಿವಿಜನ್ ಆದ ದಿನದ ಕಲಾಪದ ಪೂರ್ತಿ ಪಠ್ಯ ಸಂಸತ್ತಿನ ವೆಬ್‌ಸೈಟಲ್ಲಿ ತೆಗೆದ್ರೆ ಯಾರು ಯಾವ ಕಡೆ ಅಂತ ಹೆಸರು ಸಮೇತ ಇರುತ್ತೆ. ಹಾಜರಿ, ಕೇಳಿದ ಪ್ರಶ್ನೆ, ಚರ್ಚೆ ಇವೆಲ್ಲ ಸಂಸತ್ತಿನ ಕೆಲಸದ ಲೆಕ್ಕ ಇಡೋ ಪಿಆರ್‌ಎಸ್ ಅನ್ನೋ ಸಂಸ್ಥೆಯ ಸೈಟಲ್ಲಿ ಸಿಗುತ್ತೆ, ಆದ್ರೆ ಹಾಜರಿ ಅಂದ್ರೆ ವೋಟ್ ಅಲ್ಲ. ಉಳಿದ ಬಿಲ್ಲುಗಳಿಗೆ ಇರೋ ದಾರಿ ಒಂದೇ, ಸಂಸದರು ಅಂಕೋಲಾಕ್ಕೆ ಬಂದಾಗ ಬಿಲ್ಲಿನ ಹೆಸರು ಹೇಳಿ, ನೀವು ಪರ ಇದ್ರಾ ವಿರುದ್ಧ ಇದ್ರಾ, ಡಿವಿಜನ್ ಕೇಳಿದ್ರಾ ಅಂತ ನೇರ ಕೇಳಿ. ಪತ್ರದಲ್ಲಿ ಬರೆದು ಕೊಟ್ರೆ ಇನ್ನೂ ಒಳ್ಳೇದು, ಉತ್ತರ ಬಂದ್ರೆ ನಮಗೂ ಕಳಿಸಿ, ಇದೇ ಅಂಕಣದಲ್ಲಿ ಹಾಕ್ತೀವಿ.