ಬೆಂಗಳೂರಿನ ಹೋಟೆಲಲ್ಲಿ ಸ್ಟೇಕ್ (ಗ್ರಿಲ್ ಮಾಡಿದ ದಪ್ಪ ಮಾಂಸದ ತುಂಡು) ಮೀಡಿಯಂ ರೇರ್, ಅಂದ್ರೆ ನಡುವೆ ಅರೆಬೆಂದ ಹಾಗೆ, ಕೇಳಿದ್ರೆ ಪೂರ್ತಿ ಬೇಯ್ಸಿ ತಂದ್ರು, ಒಳಗೆಲ್ಲ ಬೂದಾಗಿ ಗಟ್ಟಿಯಾಗಿತ್ತು, ಬಿಲ್ಲಲ್ಲಿ 10% ಸರ್ವೀಸ್ ಚಾರ್ಜೂ ತಾವೇ ಸೇರ್ಸಿದ್ರು. ವಾಪಸ್ ಕಳ್ಸಬಹುದಾ, ಚಾರ್ಜ್ ಕೊಡ್ಲೇಬೇಕಾ?

ಖಂಡಿತ ಕಳ್ಸಿ, ಸಂಕೋಚ ಯಾಕೆ. ಒಳಗೆಲ್ಲ ಬೂದು ಬಣ್ಣ ಬಂದು ಗಟ್ಟಿಯಾಗಿತ್ತು ಅಂತೀರಲ್ಲ, ಅದಕ್ಕೆ ವೇಟರ್ "ನಮ್ಮಲ್ಲಿ ಹೀಗೇ ಸಾರ್" ಅಂದ್ರೆ ಅದು ಉತ್ತರಾನೇ ಅಲ್ಲ. ಪ್ಲೇಟ್ ಬಂದ ತಕ್ಷಣ ಮಧ್ಯಕ್ಕೆ ಕಟ್ ಮಾಡಿ ನೋಡಿ, ನಡುವೆ ಕೆಂಪು-ಗುಲಾಬಿ ಬಣ್ಣ ಇರ್ಬೇಕು, ಇಲ್ಲಾಂದ್ರೆ ಅಲ್ಲೇ ಕರೆದು ತೋರ್ಸಿ, ಅರ್ಧ ತಿಂದ್ಮೇಲೆ ಹೇಳಿದ್ರೆ ಅವ್ರೂ ಏನ್ ಮಾಡ್ತಾರೆ. ಕಮ್ಮಿ ಬೆಂದಿದ್ರೆ ಮತ್ತೆ ಗ್ರಿಲ್‌ಗೆ ಹಾಕ್ಬಹುದು, ಜಾಸ್ತಿ ಬೆಂದಿದ್ದನ್ನ ಸರಿ ಮಾಡಕ್ಕಾಗಲ್ಲ, ಹೊಸದೇ ಕೊಡ್ಬೇಕು.

ಇನ್ನೊಂದ್ ವಿಷ್ಯ, ಬೆಂಗಳೂರಲ್ಲಿ ಸ್ಟೇಕ್ ಅಂದ್ರೆ ಹೆಚ್ಚಾಗಿ ಎಮ್ಮೆ ಮಾಂಸಾನೇ (ಕರ್ನಾಟಕದ 2020ರ ಗೋಹತ್ಯೆ ನಿಷೇಧ ಕಾಯ್ದೆ ಪ್ರಕಾರ 13 ವರ್ಷ ದಾಟಿದ ಎಮ್ಮೆ-ಕೋಣ ಮಾತ್ರ ಕಡೀಬಹುದು), ಕೊಬ್ಬು ಕಮ್ಮಿ ಇರೋದ್ರಿಂದ ಸ್ವಲ್ಪ ಜಾಸ್ತಿ ಬೆಂದ್ರೂ ಒಣಗಿಹೋಗುತ್ತೆ, ಅದಕ್ಕೇ ಟೆಂಡರ್‌ಲಾಯಿನ್ (ಬೆನ್ನಿನ ಭಾಗದ ಮೆತ್ತಗಿನ ಮಾಂಸ) ಕೇಳಿ.

ಬಿಲ್ಲಲ್ಲಿ ತಾವೇ ಸೇರ್ಸಿದ್ರು ಅಂದ್ರಲ್ಲ 10% ಸರ್ವೀಸ್ ಚಾರ್ಜ್, ಅದು ಕಡ್ಡಾಯ ಅಲ್ಲ. ಅದನ್ನ ಬಲವಂತವಾಗಿ ಹಾಕಂಗಿಲ್ಲ ಅನ್ನೋ 2022ರ ಕೇಂದ್ರದ ಮಾರ್ಗಸೂಚೀನ 2025ರ ಮಾರ್ಚಲ್ಲಿ ದೆಹಲಿ ಹೈಕೋರ್ಟ್ ಎತ್ತಿಹಿಡಿದಿದೆ. ಮ್ಯಾನೇಜರ್‌ನ ಕರೆದು ತೆಗೀರಿ ಅನ್ನಿ, ಒಪ್ಲಿಲ್ಲ ಅಂದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕಾಲ್ ಮಾಡಿ. ಬಡಿಸೋ ಹುಡುಗನ ಮೇಲೆ ಮಾತ್ರ ರೇಗ್ಬೇಡಿ ಪ್ಲೀಸ್, ಚೆನ್ನಾಗಿ ನೋಡ್ಕೊಂಡ್ರೆ ಟಿಪ್ಸ್ ಅವನ ಕೈಗೇ ಕೊಡಿ.