ತಳದಲ್ಲಿ ಚಿನ್ನ ಇದ್ದರೆ ಗಣಿ ಬಿಟ್ಟು ಬಂದದ್ದೇಕೆ?

ಪ್ರಶ್ನೆ: ಆಸ್ಟ್ರೇಲಿಯಾದ ಕಂಪನಿಯೊಂದು ತನ್ನ ತೆರೆದ ಗಣಿಯ ಕೆಳಗೆ ಕೊರೆದು ನೋಡಿದಾಗ ಟನ್ನಿಗೆ 8 ಗ್ರಾಂ ಚಿನ್ನ ಸಿಕ್ಕಿತಂತೆ. ಮೇಲೆ ಸಿಗುತ್ತಿದ್ದದ್ದು 1 ಗ್ರಾಂ ಅಷ್ಟೇ. ಆಳಕ್ಕೆ ಹೋದಷ್ಟೂ ಚಿನ್ನ ಜಾಸ್ತಿಯಾ? ಹಾಗಿದ್ದರೆ ಮೊದಲೇ ಯಾಕೆ ತೆಗೆಯಲಿಲ್ಲ? ಆ ಷೇರು ಕೊಳ್ಳಬಹುದಾ?
– ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಉತ್ತರ: ಆಳಕ್ಕೆ ಹೋದಷ್ಟೂ ಚಿನ್ನ ಹೆಚ್ಚುತ್ತದೆ ಎಂಬ ನಿಯಮವೇನೂ ಇಲ್ಲ. ನಮ್ಮ ಕೆಜಿಎಫ್ ನೋಡಿ. ಮೂರು ಕಿಲೋಮೀಟರಿಗೂ ಕೆಳಗೆ ಇಳಿದರು. 2001ರಲ್ಲಿ ಮುಚ್ಚುವ ಹೊತ್ತಿಗೆ ಅದಿರಿನಲ್ಲಿ ಚಿನ್ನ ಬಹಳ ಕಡಿಮೆಯಾಗಿತ್ತು.

ತೆರೆದ ಗಣಿ ನಿಲ್ಲುವುದು ಚಿನ್ನ ಮುಗಿದಾಗಲೇ ಎಂದೇನಿಲ್ಲ. ಗುಂಡಿ ಬಾಣಲೆಯ ಹಾಗಿರುತ್ತದೆ, ಬಾಯಿ ಅಗಲ, ತಳ ಚಿಕ್ಕದು. ತಳವನ್ನು ಇನ್ನು 10 ಮೀಟರ್ ಇಳಿಸಬೇಕೆಂದರೆ, ಗೋಡೆ ಕುಸಿಯದ ಹಾಗೆ ಮೇಲಿನಿಂದಲೇ ಸುತ್ತ ಅಗಲ ಮಾಡುತ್ತಾ ಬರಬೇಕು. ಅದರಲ್ಲಿ ಬರುವುದೆಲ್ಲ ಹೆಚ್ಚಾಗಿ ಬರೀ ಕಲ್ಲು. ಒಂದು ಹಂತದಲ್ಲಿ ಆ ಕಲ್ಲು ಹೊರುವ ಖರ್ಚೇ ಚಿನ್ನದ ಬೆಲೆಯನ್ನು ನುಂಗಿಬಿಡುತ್ತದೆ.

ಆಮೇಲೆ ಉಳಿಯುವುದು ಸುರಂಗ. ಅಲ್ಲಿ ಬೇಡದ ಕಲ್ಲು ಕಡಿಮೆ, ಆದರೆ ಪ್ರತಿ ಟನ್ ಅದಿರಿಗೆ ಖರ್ಚು ಜಾಸ್ತಿ. ಟನ್ನಿಗೆ 1 ಗ್ರಾಂ ಚಿನ್ನ ಇರುವ ಅದಿರಿಗೆ ಸಾಮಾನ್ಯವಾಗಿ ಸುರಂಗ ಗಿಟ್ಟುವುದಿಲ್ಲ. ಅದಕ್ಕೇ ಚಿನ್ನ ಹೆಚ್ಚಿರುವ ಪಟ್ಟಿಯನ್ನೇ (ಕಲ್ಲಿನ ನಡುವೆ ಹಾದುಹೋಗುವ ಪದರವನ್ನೇ) ಹುಡುಕುತ್ತಾರೆ. ಪಶ್ಚಿಮ ಆಸ್ಟ್ರೇಲಿಯಾದ ಸನ್‌ರೈಸ್ ಡ್ಯಾಮ್ ಎಂಬ ಚಿನ್ನದ ಗಣಿ ಹೀಗೇ ತೆರೆದ ಗಣಿಯಾಗಿ ಶುರುವಾಗಿ, ಆಮೇಲೆ ನೆಲದಡಿಗೆ ಇಳಿಯಿತು. ಅಂದಹಾಗೆ, ನಿಮ್ಮ 1 ಗ್ರಾಂ ಇಡೀ ಗುಂಡಿಯ ಸರಾಸರಿ ಇರಬಹುದು, 8 ಗ್ರಾಂ ಒಂದು ಪಟ್ಟಿಯದು. ಎರಡನ್ನೂ ಹೋಲಿಸುವುದು ಅಷ್ಟು ಸರಿಯಲ್ಲ, ಅಲ್ವಾ?

ಎಲ್ಲಿ ಕೊರೆಯಬೇಕು ಅನ್ನುವುದಕ್ಕೆ ಗುಂಡಿಯೇ ದಾರಿ ತೋರಿಸುತ್ತದೆ. ಚಿನ್ನದ ಪಟ್ಟಿ ಸಾಮಾನ್ಯವಾಗಿ ನೆಟ್ಟಗೆ ಇಳಿಯುವುದಿಲ್ಲ, ಓರೆಯಾಗಿ ಇಳಿಯುತ್ತದೆ. ಗೋಡೆಯಲ್ಲಿ ಅದು ವಾಲಿದ ದಿಕ್ಕು ನೋಡಿ ರಿಗ್ ನಿಲ್ಲಿಸುತ್ತಾರೆ. ನಮ್ಮ ಬೀದಿಯ ಬೋರ್‌ವೆಲ್ ರಿಗ್ ಕಲ್ಲನ್ನು ಧೂಳು ಮಾಡಿ ಊದುತ್ತದೆ. ಇಲ್ಲಿ ವಜ್ರದ ಬಿಟ್ ಕಲ್ಲನ್ನು ಉದ್ದ ಕೋಲಿನಂತೆ ಹೊರತೆಗೆಯುತ್ತದೆ. ಅದನ್ನು ಉದ್ದಕ್ಕೆ ಸೀಳಿ, ಅರ್ಧ ಲ್ಯಾಬಿಗೆ ಕಳಿಸಿ, ಅರ್ಧ ಪೆಟ್ಟಿಗೆಯಲ್ಲಿ ಇಡುತ್ತಾರೆ.

ಷೇರಿನ ಸಲಹೆ ನನ್ನ ಕೆಲಸವಲ್ಲ. ಆದರೆ 8 ಗ್ರಾಂ ಎಷ್ಟು ಮೀಟರ್‌ಗೆ ಅಂತ ನೋಡಿ. ಅರ್ಧ ಮೀಟರಿಗಾದರೆ ಹಿಗ್ಗಬೇಡಿ. ಬೆಂಡೆಕಾಯಿ ಓರೆಯಾಗಿ ಹೆಚ್ಚಿದರೆ ಹೋಳು ಉದ್ದ ಕಾಣುವಂತೆ, ಪಟ್ಟಿಯನ್ನು ಓರೆಯಾಗಿ ಕೊರೆದರೂ ಮೀಟರ್ ಹೆಚ್ಚಾಗುತ್ತದೆ. ‘ನಿಜವಾದ ದಪ್ಪ’ ಎಂದು ವರದಿಯಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಓದಿ. ಒಂದೇ ತೂತಿನ ಸುದ್ದಿಯಾದರೆ ಅಕ್ಕಪಕ್ಕದ ತೂತುಗಳ ಫಲಿತಾಂಶ ಬರುವವರೆಗೆ ಕಾಯಿರಿ.